ಮಕ್ಕಳು ಯಾವ ಮನೆಯವರು?

ಅಪ್ಪ, ಅಮ್ಮ, ಮಕ್ಕಳು, ಜೊತೆಗೆ ಅಪ್ಪನ ತಂದೆತಾಯಿ: ಊರಿನ ಮನೆಯೆಂದರೆ ಅನಾದಿಯಿಂದಲೂ ಇಷ್ಟೇ ಎಂದು ಮುಂಬಯಿಯ ನಾವು ಭಾವಿಸುತ್ತೇವೆ. ನಮ್ಮಲ್ಲಿ ಅನೇಕರ ಮೂಲವಾದ ತುಳುನಾಡಿನ ಮಟ್ಟಿಗೆ ಇದು ನಿಜವಲ್ಲ.

ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳ ಅಳಿಯಸಂತಾನ ಪದ್ಧತಿಯಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಬಳಿಯೂ ತಾಯಿಯದೇ, ಆಸ್ತಿಯ ಹಕ್ಕೂ ಅಲ್ಲಿಯದೇ. ಹಾಗೆಂದು ಇದನ್ನು ಹೆಣ್ಣಾಳ್ವಿಕೆ ಎನ್ನಲಾಗದು. ಹಿರಿಯ ಹೆಂಗಸು ಯಜಮಾನ್ತಿಯಾಗುವುದು ಉಂಟಾದರೂ, ಆಡಳಿತ ಹೆಚ್ಚಾಗಿ ತಾಯಿಯ ಸೋದರನ ಕೈಯಲ್ಲೇ ಇರುತ್ತಿತ್ತು.

ಹೆಂಡತಿ ಗಂಡನ ಮನೆಯಲ್ಲಿ ಬಾಳುವುದು ಇಲ್ಲಿ ಅಪರೂಪವಾಗಿರಲಿಲ್ಲ. ಮಕ್ಕಳು ತಂದೆಯ ಅಂಗಳದಲ್ಲಿ ಆಡಿ ಬೆಳೆದರೂ ಆ ಅಂಗಳ ಅವರದಲ್ಲ, ತಂದೆಯ ಅಕ್ಕತಂಗಿಯರ ಮಕ್ಕಳದು. ತಂದೆ ತೀರಿಕೊಂಡರೆ ತಾಯಿ ಮಕ್ಕಳೊಡನೆ ತವರಿಗೆ ಮರಳುತ್ತಿದ್ದಳು. ಅಪ್ಪನನ್ನು ಕಳೆದುಕೊಂಡ ಮಗು ಆಡಿದ ಅಂಗಳವನ್ನೂ ಕಳೆದುಕೊಳ್ಳುತ್ತಿತ್ತು. ಆದರೆ ವಿಧವೆಗೂ ಗಂಡನನ್ನು ಬಿಟ್ಟುಬಂದವಳಿಗೂ ಹೋಗಲು ಹಕ್ಕಿನ ಮನೆಯೊಂದಿತ್ತು. ಅಣ್ಣತಮ್ಮಂದಿರ ದಯೆಗೆ ಕಾಯಬೇಕಾಗಿರಲಿಲ್ಲ. ಘಟ್ಟದ ಮೇಲಿನ ಎಷ್ಟೋ ಹೆಣ್ಣುಮಕ್ಕಳಿಗೆ ಆ ಭಾಗ್ಯವಿರಲಿಲ್ಲ.

ಕುಟುಂಬದ ಆಸ್ತಿಯನ್ನು ಒಬ್ಬರ ಬೇಡಿಕೆಯ ಮೇಲೆ ಪಾಲು ಮಾಡುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು 'ಕವರು', ಎಂದರೆ ಒಬ್ಬ ಹೆಣ್ಣಿನ ಸಂತತಿಯ ಕವಲು, ಪಾಲು ಕೇಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಆಸ್ತಿಗೆ ಮಕ್ಕಳನ್ನು ವಾರಸುದಾರರನ್ನಾಗಿ ಮಾಡಿತು.

ಕಾಯಿದೆಗಿಂತ ಮೊದಲೇ ಮುಂಬಯಿ ಈ ಕೆಲಸವನ್ನು ಆರಂಭಿಸಿತ್ತೆಂದು ನಮಗೆ ತೋರುತ್ತದೆ. ಹೋಟೆಲಿನ ಗಳಿಕೆ ಕುಟುಂಬದ ಗದ್ದೆಯಂತಲ್ಲ, ದುಡಿದವನದು. ಅದು ಅಳಿಯನಿಗಲ್ಲ, ಮಕ್ಕಳಿಗೆ ಸಲ್ಲಲೆಂದು ಅವನು ಬಯಸಿದರೆ ಆಶ್ಚರ್ಯವೇನು? ಆದರೆ ಆ ದುಡಿಮೆಗೆಂದು ಊರು ಬಿಟ್ಟುಬಂದವರಲ್ಲಿ ಎಳೆಯ ಹುಡುಗರೂ ಇದ್ದರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ, ಮಲಗಲು ಬೆಂಚು. ತಾಯಿಯ ಮನೆಗೂ ತಂದೆಯ ಮನೆಗೂ ಹೊರಗಾದ ಇವರ ಬಾಲ್ಯ ಕುಟುಂಬದ ಚರಿತ್ರೆಯಲ್ಲಿ ಎಲ್ಲಿ ಸೇರುತ್ತದೆ? ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅದು ಯಶಸ್ಸಿನ ಕಥೆಯ ಮೊದಲ ಪ್ಯಾರಾ ಆಗಿ ಮುಗಿದುಹೋಗುತ್ತದೆ.

ಅವರಲ್ಲಿ ಕೆಲವರು ಮುಂದೆ ಚಾಳಿನ ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳೊಡನೆ ಬಿಡಾರ ಹೂಡಿದರು. ಯಜಮಾನನಾಗಿದ್ದ ಸೋದರಮಾವ ಬೇಸಗೆ ರಜೆಯ ನೆಂಟನಾದ. ಫ್ಲ್ಯಾಟಿನ ಬಾಗಿಲಿನಲ್ಲಿರುವುದು ತಂದೆಯ ಹೆಸರು; ಮದುವೆಯ ಮಾತುಕತೆಯಲ್ಲಿ ಬಳಿ ಯಾವುದೆಂದು ಕೇಳಿದರೆ ನಾವು ಇಂದಿಗೂ ಹೇಳುವುದು ತಾಯಿಯದನ್ನೇ.