35,000 ವೋಲ್ಟ್ ಏಕೆ ಬೇಕಾಯಿತು?

ಜರಗನಹಳ್ಳಿಯಲ್ಲಿ ಹಾಯುವ ಕನಕಪುರ ರಸ್ತೆಯನ್ನೇ ಹಿಡಿದು ದಕ್ಷಿಣಕ್ಕೆ ಸಾಗಿದರೆ ಕನಕಪುರ, ಮಳವಳ್ಳಿಗಳನ್ನು ದಾಟಿ ಶಿವನಸಮುದ್ರವನ್ನು ಸೇರಬಹುದು. 1902ರ ಜೂನ್‌ನಲ್ಲಿ, ಅಲ್ಲಿ ಕಾವೇರಿಯ ಧುಮುಕುವ ನೀರಿನಿಂದ ಪಡೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. 1901ರಲ್ಲೇ ಅವರು ತೀರಿಕೊಂಡಿದ್ದರು.

ಇದು ಭಾರತದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರವೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಒಂದು ಚಿಕ್ಕ ಕೇಂದ್ರ ಆರಂಭವಾಗಿತ್ತು. ಶಿವನಸಮುದ್ರದ ಹಿರಿಮೆ ಇರುವುದು ಅದು ಕ್ರಮಿಸಿದ ದೂರದಲ್ಲಿ. ಆ ದೂರವನ್ನು ಗೆದ್ದ ಬಗೆ ತಿಳಿಯಲು ಪ್ರೌಢಶಾಲೆಯ ಎರಡು ಸೂತ್ರಗಳೇ ಸಾಕು.

ಮೊದಲನೆಯದು ಜರ್ಮನಿಯ ಶಾಲಾ ಮೇಷ್ಟ್ರು ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ್ದು: ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ ಸಿಗುತ್ತದೆ. ಎರಡನೆಯದು, ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್‌ಗಳ ಲೆಕ್ಕ. ಎರಡನ್ನೂ ಕೂಡಿಸಿದರೆ, ತಂತಿಯಲ್ಲಿ ಶಾಖವಾಗಿ ಹೋಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಎಂದಾಗುತ್ತದೆ. ಇದನ್ನು ಜೂಲ್ 1841ರಲ್ಲಿ ಪ್ರಯೋಗದಿಂದ ತೋರಿಸಿದರು. ಬಹುಕಾಲ ಕಡೆಗಣಿಸಲ್ಪಟ್ಟಿದ್ದ ಓಮ್‌ರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಸಂದದ್ದೂ ಅದೇ ವರ್ಷ.

ಈಗ ಶಿವನಸಮುದ್ರಕ್ಕೆ ಬರೋಣ. ಗಣಿಗಳಿಗೆ ಮೊದಲು ಬೇಕಾಗಿದ್ದದ್ದು ಸುಮಾರು 4,000 ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ 746 ವ್ಯಾಟ್‌ನಂತೆ ಇದು ಹತ್ತಿರ ಹತ್ತಿರ 3,000 ಕಿಲೋವ್ಯಾಟ್. ಜನರೇಟರುಗಳು ಕೊಡುತ್ತಿದ್ದದ್ದು 2,200 ವೋಲ್ಟ್. ಅದನ್ನು ಹಾಗೆಯೇ ಕಳಿಸಿದ್ದರೆ? ಪ್ರವಾಹ ಸುಮಾರು 1,364 ಆಂಪಿಯರ್ ಆಗಬೇಕು. ತಂತಿಯ ರೋಧ 10 ಓಮ್ ಎಂದು ನಾವು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ತಂತಿಯಲ್ಲೇ 13,640 ವೋಲ್ಟ್ ಕುಸಿಯಬೇಕು, ಹೊರಟದ್ದೇ 2,200! ನಷ್ಟ 18,600 ಕಿಲೋವ್ಯಾಟ್. ಕಳಿಸಿದ್ದರ ಆರು ಪಟ್ಟಿಗೂ ಹೆಚ್ಚು. ಅಂದರೆ ಅಷ್ಟು ವಿದ್ಯುತ್ತು ಆ ತಂತಿಯಲ್ಲಿ ಸಾಗುವುದೇ ಅಸಾಧ್ಯ.

ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು 35,000ಕ್ಕೆ ಏರಿಸಿದಾಗ ಅದೇ 3,000 ಕಿಲೋವ್ಯಾಟಿಗೆ 86 ಆಂಪಿಯರ್ ಸಾಕು. ನಷ್ಟ 74 ಕಿಲೋವ್ಯಾಟ್ ಮಾತ್ರ. ವೋಲ್ಟೇಜು 16 ಪಟ್ಟು ಏರಿದರೆ ನಷ್ಟ ಸುಮಾರು 250 ಪಟ್ಟು ಇಳಿಯಿತು. (ನಿಜವಾದ ಮಾರ್ಗ ಮೂರು ಫೇಸುಗಳದ್ದು. ಅದನ್ನು ಹಿಡಿದರೆ ಅಂಕಿಗಳು ಬದಲಾದಾವು, ತರ್ಕ ಬದಲಾಗದು.) ತಂತಿಯನ್ನು ದಪ್ಪ ಮಾಡಿ ರೋಧ ತಗ್ಗಿಸಬಹುದಿತ್ತಲ್ಲ ಎಂದು ಕೇಳಬಹುದು. ನಷ್ಟವನ್ನು 250 ಪಟ್ಟು ಇಳಿಸಲು 250 ಪಟ್ಟು ತಾಮ್ರ ಬೇಕು!

ಬೆಂಗಳೂರಿಗೆ ಇದೇ ವಿದ್ಯುತ್ತು 1905ರ ಆಗಸ್ಟ್‌ನಲ್ಲಿ ಬಂತು.

ವಿದ್ಯಾರ್ಥಿಗಳು ಎಡವುವ ಒಂದು ಜಾಗವಿದೆ. ರೋಧ ಹೆಚ್ಚಾದರೆ ಶಾಖ ಹೆಚ್ಚು ಎಂಬುದು ಪ್ರವಾಹ ಒಂದೇ ಆಗಿದ್ದಾಗ ಮಾತ್ರ ನಿಜ. ಮನೆಯಲ್ಲಿ ಸ್ಥಿರವಾಗಿರುವುದು ವೋಲ್ಟೇಜು. ಅಲ್ಲಿ ರೋಧ ಕಡಿಮೆ ಇರುವ ಉಪಕರಣವೇ ಹೆಚ್ಚು ಬಿಸಿ. 230 ವೋಲ್ಟಿನ 60 ವ್ಯಾಟ್ ಬುರುಡೆ ಬಲ್ಬು ಉರಿಯುವಾಗ ಅದರ ರೋಧ 882 ಓಮ್. 2,000 ವ್ಯಾಟ್ ಗೀಸರಿನದು ಬರೀ 26.5 ಓಮ್. ಲೈನಿನ ತುದಿಯಲ್ಲಿರುವ ಮನೆಯೊಂದರಲ್ಲಿ ವೋಲ್ಟೇಜು 180ಕ್ಕೆ ಇಳಿದರೆ ಆ ಗೀಸರು 1,225 ವ್ಯಾಟ್ ಮಾತ್ರ ಕೊಡುತ್ತದೆ. ವೋಲ್ಟೇಜು ಕುಸಿದದ್ದು ನೂರಕ್ಕೆ 22 ಭಾಗ, ಸಾಮರ್ಥ್ಯ ಕುಸಿದದ್ದು ನೂರಕ್ಕೆ 39 ಭಾಗ. ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ಹೊರಡುವ ಹೊತ್ತಿನಲ್ಲಿ ನೀರು ಕಾಯಲು ಅಷ್ಟು ತಡವಾಗುವುದು ಇದರಿಂದಲೇ.