ಹೊಣೆ ಗುಂಪಿನದು, ಒಡೆತನ ಯಾರದು? ಹಳೆಯ ಧಾರವಾಡ ಜಿಲ್ಲೆಯ ಸಾಲದ ಚರಿತ್ರೆ ಮತ್ತು ಕಥೋಲಿಕ ಸಾಮಾಜಿಕ ಬೋಧನೆ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರು ಹಜರೇಶಾ ಖಾದ್ರಿಯವರ ದರ್ಗಾದಿಂದ ಹೆಸರಾದ ಊರು. ಈ ಸೀಮೆಯಲ್ಲಿ ಕಥೋಲಿಕರು ತೀರ ಕಡಿಮೆ; ಹಾವೇರಿಯನ್ನು ಒಳಗೊಂಡ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದೇ 1953ರಲ್ಲಿ. ಹಾಗಿದ್ದೂ ಕಥೋಲಿಕ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಪರೀಕ್ಷಿಸಿ ನೋಡಲು ಈ ಭಾಗಕ್ಕಿಂತ ತಕ್ಕ ನೆಲ ಕರ್ನಾಟಕದಲ್ಲಿ ಇಲ್ಲವೆಂದು ನನ್ನ ಅಭಿಪ್ರಾಯ. ಆ ಬೋಧನೆಯ ಮೊದಲ ಚಿಂತೆಗಳಲ್ಲಿ ಒಂದು ಬಡ್ಡಿ. ಇಲ್ಲಿಯ ರೈತರ ಚರಿತ್ರೆಯ ಬಹುಭಾಗವೂ ಬಡ್ಡಿಯದೇ.

ಪೋಪ್ 13ನೇ ಲಿಯೋ 1891ರ ಮೇ 15ರಂದು 'ರೇರುಮ್ ನೊವಾರುಮ್' ಪರಿಪತ್ರ ಹೊರಡಿಸಿದರು. ಕೂಲಿಕಾರನಿಗೆ ಬದುಕಲು ಸಾಕಾಗುವಷ್ಟು ವೇತನ, ಸಂಘ ಕಟ್ಟಿಕೊಳ್ಳುವ ಹಕ್ಕು, ವೇಷ ಬದಲಿಸಿಕೊಂಡು ಮುಂದುವರಿದ ದುರಾಸೆಯ ಬಡ್ಡಿಯ ಖಂಡನೆ ಅದರಲ್ಲಿವೆ. ಈ ವಿಚಾರಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಜರ್ಮನಿಯ ಮೈಂಜ್ ನಗರದ ಬಿಷಪ್ ಕೆಟೆಲರ್ ಮುಖ್ಯರು. ಕಾರ್ಮಿಕರ ಪ್ರಶ್ನೆ ಮತ್ತು ಕ್ರೈಸ್ತಧರ್ಮದ ಕುರಿತ ಅವರ ಪುಸ್ತಕ ಬಂದದ್ದು 1864ರಲ್ಲಿ; ಕಾರ್ಮಿಕರೇ ಒಡೆಯರಾದ ಉತ್ಪಾದಕ ಸಂಘಗಳನ್ನು ಅದು ಬೆಂಬಲಿಸಿತು. ಅದೇ ವರ್ಷ, ಅದೇ ರೈನ್ ನದಿಯ ದಂಡೆಯ ಹೆಡೆಸ್ಡಾರ್ಫಿನಲ್ಲಿ ಪ್ರೊಟೆಸ್ಟಂಟ್ ಮೇಯರ್ ರೈಫೈಸನ್ ರೈತರ ಸಾಲದ ಸಂಘವನ್ನು ಆರಂಭಿಸಿದರು. ಒಬ್ಬರು ಸಿದ್ಧಾಂತ ಬರೆದರು, ಇನ್ನೊಬ್ಬರು ಲೆಕ್ಕದ ಪುಸ್ತಕ ತೆರೆದರು.

ನಮ್ಮ ನಾಡಿಗೆ ಮೊದಲು ಬಂದದ್ದು ಲೆಕ್ಕದ ಪುಸ್ತಕವೇ. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ 1890ರ ದಶಕದಲ್ಲಿ ಯುರೋಪಿನ ಭೂಬ್ಯಾಂಕುಗಳನ್ನು ಅಧ್ಯಯನ ಮಾಡಿ, ರೈಫೈಸನ್ ಮಾದರಿಯೇ ನಮ್ಮ ಹಳ್ಳಿಗಳಿಗೆ ತಕ್ಕದ್ದೆಂದು ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಆಗಿನ ಧಾರವಾಡ ಜಿಲ್ಲೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಹುಲಗೂರೂ ಅಂದು ಇದೇ ಜಿಲ್ಲೆಯಲ್ಲಿತ್ತು. ಕಣಗಿನಹಾಳಕ್ಕೂ ರೋಮಿಗೂ ಯಾವ ಸಂಬಂಧವೂ ಇರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಧರ್ಮಸಭೆಯವರೇ ಈ ಕಾಯ್ದೆಯ ದಾರಿ ಹಿಡಿದದ್ದು ಕರಾವಳಿಯಲ್ಲಿ: 1912ರಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹಾ ಮುಂದಾಳತ್ವದಲ್ಲಿ ಮಂಗಳೂರು ಕ್ಯಾಥೊಲಿಕ್ ಕೋ-ಆಪರೇಟಿವ್ ಬ್ಯಾಂಕ್ ಹುಟ್ಟಿತು.

1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಪ್ರತಿ ಸದಸ್ಯನ ಆಸ್ತಿಯೂ ಅದಕ್ಕೆ ಉತ್ತರ ಹೇಳಬೇಕು. ಆದ್ದರಿಂದ ಸಾಲ ಕೊಡುವ ಮೊದಲು ಪಂಚ ಕಮಿಟಿ ಕೇಳಿದವನ ಹೊಲ, ಎತ್ತು, ಮನೆಯ ಪರಿಸ್ಥಿತಿ ಎಲ್ಲವನ್ನೂ ತೂಗಿ ನೋಡುತ್ತಿತ್ತು. ಆದರೆ ಹೊಣೆಯ ಜೊತೆ ಒಡೆತನವೂ ಸದಸ್ಯರದೇ ಆಗಿತ್ತು. ಬಡ್ಡಿಯ ದರ, ಸಾಲದ ಅವಧಿ, ಬರ ಬಿದ್ದಾಗ ಕೊಡುವ ವಾಯಿದೆ, ಇವನ್ನೆಲ್ಲ ಚರ್ಚಿಸುವ ಹಕ್ಕು ಸಾಲಗಾರನಿಗಿತ್ತು. ಸಣ್ಣ ಸಂಘ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿಯಬಾರದೆಂದು 11ನೇ ಪಯಸ್ 1931ರ 'ಕ್ವಾದ್ರಜೆಸಿಮೊ ಆನ್ನೊ' ಪರಿಪತ್ರದಲ್ಲಿ ನಿರೂಪಿಸಿದ ತತ್ವಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಜಾತಿಯ ಬಲ, ಗೌಡಿಕೆಯ ದರ್ಪ ಕಮಿಟಿಗಳ ಒಳಗೂ ಇದ್ದವು. ಹಲವು ಸೊಸೈಟಿಗಳು ಕೆಟ್ಟದ್ದು ಅದರಿಂದಲೇ.

ಈಗಿನ ಮೈಕ್ರೋಫೈನಾನ್ಸ್ ಕಂಪನಿಗಳು ಈ ರಚನೆಯ ಅರ್ಧವನ್ನಷ್ಟೇ ಎತ್ತಿಕೊಂಡಿವೆ. ಹೆಣ್ಣುಮಕ್ಕಳ ಗುಂಪು ಮಾಡಿ, ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕೆನ್ನುವುದು ಹಳೆಯ ಸಾಮೂಹಿಕ ಹೊಣೆಯೇ. ಒಡೆತನ ಮಾತ್ರ ದೂರದ ಹೂಡಿಕೆದಾರರದು. ದರ ನಿಗದಿಯಾಗುವುದು ಬೇರೆ ಊರಿನಲ್ಲಿ, ಅರ್ಹತೆ ಅಳೆಯುವುದು ಕಂಪ್ಯೂಟರಿನ ಸ್ಕೋರು. ಮಳೆ ಕೈಕೊಟ್ಟು ಗೋವಿನಜೋಳ ಒಣಗಿದ ವರ್ಷ ವಾರದ ಕಂತನ್ನು ಮುಂದೂಡಿರೆಂದು ಕೇಳಲು ಸಭೆಯೇ ಇಲ್ಲ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿ ವಸೂಲಿಯ ಕಾಟದ ವಿರುದ್ಧ ಪ್ರತಿಭಟಿಸಿದರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ. ಅದು ಬೇಕಿತ್ತು. ಒಡೆತನದ ಪ್ರಶ್ನೆಯನ್ನು ಮಾತ್ರ ಅದು ಮುಟ್ಟಲಿಲ್ಲ.

ದುಡಿಮೆಯ ವಿಷಯದಲ್ಲಿಯೂ ಇದೇ ಪ್ರಶ್ನೆ. ಆ್ಯಪ್ ಮೂಲಕ ಡೆಲಿವರಿ ಕೆಲಸ ಮಾಡುವ ಹುಡುಗನಿಗೆ ಕೆಲಸ ಹಂಚುವುದೂ ಅವನನ್ನು ತೆಗೆದುಹಾಕುವುದೂ ಗಣಕದ ಲೆಕ್ಕಾಚಾರವೇ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನು ಕ್ಷೇಮ ಶುಲ್ಕ ವಿಧಿಸಿದೆ, ಕೆಲಸದಿಂದ ತೆಗೆಯಲು ಕಾರಣ ಕೊಟ್ಟು ನೋಟಿಸು ನೀಡಬೇಕೆಂದಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಪೋಪ್ ಆದ 14ನೇ ಲಿಯೋ ತಮ್ಮ ಹೆಸರಿನ ಆಯ್ಕೆಗೆ 'ರೇರುಮ್ ನೊವಾರುಮ್' ಬರೆದ ಲಿಯೋರನ್ನೇ ನೆನೆದು, ಕೃತಕ ಬುದ್ಧಿಮತ್ತೆ ದುಡಿಮೆಗೂ ಮಾನವ ಘನತೆಗೂ ಒಡ್ಡಿರುವ ಸವಾಲನ್ನು ಎತ್ತಿ ಹೇಳಿದರು.

ಮಂಗಳೂರಿನ ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜ ಸಂವಿಧಾನ ಸಭೆಯ ಸದಸ್ಯರಾಗಿದ್ದರು. 1951ರಲ್ಲಿ ಇಂಡಿಯನ್ ಸೋಶಿಯಲ್ ಇನ್ಸ್ಟಿಟ್ಯೂಟ್ ಸ್ಥಾಪಿಸಿದರು. ಇಂಥ ಸಂಸ್ಥೆಗಳಿಗೂ ನಮ್ಮ ವಿಶ್ವವಿದ್ಯಾಲಯಗಳಿಗೂ ಒಂದು ಕೆಲಸ ಕಾದಿದೆ. ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸೊಸೈಟಿಗಳಲ್ಲಿ ಉಳಿದಿರುವ ಹಳೆಯ ಠರಾವು ಪುಸ್ತಕ, ಸಾಲದ ಖಾತೆಗಳನ್ನು ಗೆದ್ದಲು ಹಿಡಿಯುವ ಮೊದಲು ಸಂಗ್ರಹಿಸಬೇಕು. ಬರಗಾಲದಲ್ಲಿ ಯಾರಿಗೆ ವಾಯಿದೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಅವುಗಳಿಂದಲೇ ತಿಳಿಯಬೇಕಾಗಿದೆ. ಆ ಪುಸ್ತಕಗಳು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.