ಪೀಣ್ಯದ ಶೆಡ್ಡಿನಿಂದ ಬಾಹ್ಯಾಕಾಶಕ್ಕೆ

ಬೆಂಗಳೂರಿನ ಪೀಣ್ಯದಲ್ಲಿ ಲೇತ್ ನಂಬಿ ಬದುಕಿದವನು ನಾನು. ಇಲ್ಲಿನ ಶೆಡ್ಡುಗಳಲ್ಲಿ ಏನೇನು ತಯಾರಾಗಿದೆ ಎಂದು ಯಾರಾದರೂ ಕೇಳಿದರೆ, ಬುಷ್ ಬೇರಿಂಗುಗಳ ಮಾತು ಆಮೇಲೆ, ಮೊದಲು ಆರ್ಯಭಟದ ಹೆಸರು ಹೇಳುತ್ತೇನೆ. ಭಾರತದ ಮೊದಲ ಉಪಗ್ರಹ ರೂಪ ತಳೆದದ್ದು ಈ ಕೈಗಾರಿಕಾ ವಸಾಹತಿನ ಆಸ್‌ಬೆಸ್ಟಾಸ್ ಶೀಟಿನ ಶೆಡ್ಡುಗಳಲ್ಲಿ.

1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು: ಉಪಗ್ರಹ ನಮ್ಮದು, ರಾಕೆಟ್ ಅವರದು. ಈ ಕನಸು ಕಂಡಿದ್ದ ವಿಕ್ರಮ್ ಸಾರಾಭಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಹೊಣೆ ಹೊತ್ತವರು ಉಡುಪಿ ಕಡೆಯ ಅದಮಾರಿನ ವಿಜ್ಞಾನಿ ಯು.ಆರ್. ರಾವ್. ಅಮೆರಿಕದಲ್ಲಿ ಪಯೋನಿಯರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು ಬಂದಿದ್ದರು. ಅವರ ತಂಡದ ಹೆಚ್ಚಿನವರೋ ಎಳೆಯರು, ಉಪಗ್ರಹವನ್ನು ಕಣ್ಣಾರೆ ಕಂಡವರಲ್ಲ.

ಬೇಸಿಗೆಯ ಮಧ್ಯಾಹ್ನ ಆಸ್‌ಬೆಸ್ಟಾಸ್ ಶೆಡ್ಡಿನೊಳಗೆ ನಿಂತು ನೋಡಿ. ತಲೆ ಮೇಲಿನ ಶೀಟು ಕಾದು, ಹಿಡಿದ ವರ್ನಿಯರ್ ಬೆವರಿಗೆ ಜಾರುತ್ತದೆ. ಬೀದಿಯ ಧೂಳು ಎಷ್ಟು ಒರೆಸಿದರೂ ಮತ್ತೆ ಬಂದು ಕೂರುತ್ತದೆ. ಅಂಥ ಕಡೆ ಧೂಳಿಲ್ಲದ ಕೋಣೆ ಕಟ್ಟಿಕೊಂಡು, 26 ಮುಖಗಳ, 360 ಕಿಲೋ ತೂಕದ ಉಪಗ್ರಹ ಜೋಡಿಸಿದರು! ಕೆಲಸ ಬಲ್ಲವನಿಗೆ ಇದರ ಕಷ್ಟ ಅರ್ಥವಾಗುತ್ತದೆ.

ಆ ತಂಡ ಹೊಂದಿಕೊಂಡು ನಡೆದದ್ದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ, ಎಲ್ಲರೂ ಅಕ್ಕಪಕ್ಕದಲ್ಲೇ ಇದ್ದದ್ದು. ಉಪಗ್ರಹದಲ್ಲಿ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಬೆರಳಗಲ ದೊಡ್ಡದಾದರೂ ಬ್ರಾಕೆಟ್ ಬದಲಾಗಬೇಕು, ತೂಕದ ಲೆಕ್ಕ ತಪ್ಪುತ್ತದೆ, ಶಾಖದ ಲೆಕ್ಕ ಮತ್ತೆ ಹಾಕಬೇಕು. ಕಾಗದಪತ್ರದಲ್ಲಿ ಇದು ತಿಂಗಳು ಹಿಡಿಯುವ ಕೆಲಸ. ಪಕ್ಕದ ಶೆಡ್ಡಿಗೆ ನಡೆದು ಹೋಗಿ ಕೇಳಿದರೆ ಸಂಜೆಯೊಳಗೆ ಇತ್ಯರ್ಥ. ಡ್ರಾಯಿಂಗ್ ಬರೆದವನು ಫಿಟ್ಟರ್ ಎದುರು ನಿಲ್ಲದೆ ಹೋದ ಕಡೆಯಲ್ಲೆಲ್ಲ ಮಾಲು ರಿಜೆಕ್ಟ್ ಆಗುವುದನ್ನು ನಾನು ಕಂಡಿದ್ದೇನೆ. ಇನ್ನೊಂದು, ತಮ್ಮಿಂದ ಆಗದ್ದನ್ನು ಆಗದು ಎಂದು ಒಪ್ಪಿಕೊಳ್ಳುವ ನೇರವಂತಿಕೆ. ಸೌರಫಲಕ, ಬ್ಯಾಟರಿ, ಟೇಪ್ ರೆಕಾರ್ಡರ್‌ಗಳನ್ನು ಸೋವಿಯತ್ತರಿಂದಲೇ ತರಿಸಿಕೊಂಡರು.

1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಆರ್ಯಭಟ ಹಾರಿತು. ಅದರ ಸಂಕೇತ ಹಿಡಿಯಲು ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಿಕೊಂಡಿದ್ದರು. ಕೆಲವೇ ದಿನಗಳಲ್ಲಿ ಉಪಗ್ರಹದೊಳಗಿನ ವೈಜ್ಞಾನಿಕ ಪ್ರಯೋಗಗಳ ವಿದ್ಯುತ್ ಪೂರೈಕೆ ಕೆಟ್ಟಿತು. ಆದರೂ ಯೋಜನೆ ನಿಲ್ಲಲಿಲ್ಲ; ಈ ಅನುಭವದ ಮೇಲೆಯೇ ಮುಂದಿನ ಉಪಗ್ರಹ ಭಾಸ್ಕರ ಕಟ್ಟಿ 1979ರ ಜೂನ್‌ನಲ್ಲಿ ಹಾರಿಸಿದರು. ಒಂದು ತಂಡದ ಗಟ್ಟಿತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಆರ್ಯಭಟ ತಯಾರಾದ ಆ ಜಾಗದಲ್ಲಿ ಈಗ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯವಿದೆ. ನಮ್ಮ ಕಡೆಯ ಐಟಿಐ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಹೊಸ ಮಕ್ಕಳು ಬಂದ ದಿನವೇ ಈ ಸಂಗತಿ ಹೇಳಿ.